ಚಿದ್ರಿಯ ಕಂಪ್ಯೂಟರು, ಡಾಬಕಾದ ಮದುವೆ

ನಾನು ಬೇರೆಯವರ ಮದುವೆಯ ವಿಡಿಯೋ ಕತ್ತರಿಸಿ ಜೋಡಿಸುವವಳು. ಬೀದರಿನ ಚಿದ್ರಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಕೆಲಸದ ಜಾಗ. ಬೋರ್ಡು ಗೀರ್ಡು ಏನೂ ಇಲ್ಲ. ಬೀದರ, ಭಾಲ್ಕಿ, ಔರಾದ ಕಡೆಯ ಕ್ಯಾಮೆರಾದವರು ಶೂಟ್ ಮಾಡಿದ್ದನ್ನು ತಂದು ಸುರಿಯುತ್ತಾರೆ. ನಾನು ಎಡಿಟ್ ಮಾಡಿ, ಆಲ್ಬಮ್ಮಿನ ಫೋಟೋ ತಿದ್ದಿ, ಹಾಡು ಕೂಡಿಸಿ ಕೊಡುತ್ತೇನೆ. ಅವರು ತಮ್ಮ ಸ್ಟುಡಿಯೋದ ಹೆಸರು ಹಾಕಿಕೊಂಡು ಪಾರ್ಟಿಗೆ, ಅಂದರೆ ಮದುವೆ ಮನೆಯವರಿಗೆ, ದಾಟಿಸುತ್ತಾರೆ. ಹದಿನೈದು ವರ್ಷಗಳಲ್ಲಿ ನೂರಾರು ಮದುವೆ ನೋಡಿದ್ದೇನೆ, ಒಂದರದ್ದೂ ಊಟ ಮಾಡಿಲ್ಲ.

ಮೂರು ವರ್ಷದ ಹಿಂದೆ ನಾನೇ ಬಿಡಿಭಾಗ ಆರಿಸಿ ಒಂದು ಹೊಸ ಕಂಪ್ಯೂಟರ್ ಜೋಡಿಸಿಕೊಂಡೆ. ಆರಿಸುವಾಗ ಒಂದು ತಪ್ಪು ಮಾಡಿದೆ. ಬರೀ ಯಂತ್ರದ ತಪ್ಪಾಗಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆ. ಒಬ್ಬ ಮಗಳು ತೀರಿಹೋದ ತನ್ನ ತಾಯಿಯನ್ನು ನಡೆದಾಡುವ ಹಾಗೆ, ಮಾತಾಡುವ ಹಾಗೆ ಇನ್ನೊಮ್ಮೆ ನೋಡಬೇಕೆಂದು ನನ್ನ ಬಾಗಿಲಿಗೆ ಬಂದಳು. ಆ ತಾಯಿ ಇದ್ದದ್ದು ನನ್ನ ಕಂಪ್ಯೂಟರಿನಲ್ಲಿ ಮಾತ್ರ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಕಂಪ್ಯೂಟರಿನ ಮಾತು. ಹಳೆಯದು ಹತ್ತು ವರ್ಷ ದುಡಿದಿತ್ತು. ಕ್ಯಾಮೆರಾಗಳು ದೊಡ್ಡವಾದವು, ಡ್ರೋನ್ ಬಂತು, ಫೈಲುಗಳು ಭಾರವಾದವು. ಆ ಬಡಪಾಯಿ ಪ್ರತಿ ಐದು ನಿಮಿಷಕ್ಕೊಮ್ಮೆ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ಒಬ್ಬಳೇ ಇದ್ದಾಗ ನಿಂತರೆ ಬೈದು ಚಹಾ ಕುಡಿದು ಬರಬಹುದು. ಆದರೆ ನಮ್ಮ ಕಡೆ ಒಂದು ಪದ್ಧತಿ ಇದೆ. ವಿಡಿಯೋ ತಯಾರಾದ ಮೇಲೆ ಪಾರ್ಟಿಯವರು ಬಂದು ನನ್ನ ಹಿಂದೆ ಕೂತು ನೋಡಿ ‘ಪಾಸ್’ ಮಾಡಬೇಕು. ಇಬ್ಬರು ಬರುತ್ತೇವೆ ಎಂದು ಫೋನಿನಲ್ಲಿ ಹೇಳಿ ಏಳು ಜನ ಬರುತ್ತಾರೆ. ಅತ್ತೆ, ನಾದಿನಿ, ಮಾವಂದಿರು ಎಲ್ಲರೂ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ‘ಅದು ತಗೀರಿ, ಇದು ಹಾಕ್ರಿ’ ಎಂದು ನನ್ನ ತಲೆ ತಿನ್ನುತ್ತಾರೆ. ಅಂಥ ಹೊತ್ತಿನಲ್ಲಿ ಪರದೆಯ ಮೇಲೆ ವರ ಬಾಯಿ ತೆರೆದುಕೊಂಡು ನಿಂತುಬಿಟ್ಟರೆ ಮಾನ ಹೋಗುತ್ತದೆ. ಒಮ್ಮೆ ಔರಾದದ ಮುದುಕಿಯೊಬ್ಬಳು, ‘ಇದ್ಕ ಗ್ಯಾಸ್ ಹಿಡದದೇನ್ ಬಾಯೀ?’ ಎಂದು ಕೇಳಿದಳು. ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು. ಹೊಸದು ತೊಗೊಂಡೇ ತೀರುತ್ತೇನೆ ಎಂದು ಅವತ್ತೇ ಹಟ ಹಿಡಿದೆ.

ನಮ್ಮ ಮಹಿಳೆಯರ ಭಿಶಿ ಚೀಟಿಯಲ್ಲಿ ನನ್ನ ಪಾಳಿ ಬಂದಾಗ ಸಿಕ್ಕ ದುಡ್ಡಿಗೆ ಸ್ವಲ್ಪ ಸೇರಿಸಿದರೆ ಅರವತ್ತು ಸಾವಿರ. ಅಷ್ಟರಲ್ಲೇ ಮುಗಿಸಬೇಕಿತ್ತು. ಹಳೇ ಊರಿನ ಓಣಿಯೊಂದರಲ್ಲಿ ಕಂಪ್ಯೂಟರ್ ಜೋಡಿಸುವ ಹಿರಿಯರೊಬ್ಬರಿದ್ದಾರೆ. ಅವರ ತಂದೆ ರೇಡಿಯೋ ರಿಪೇರಿ ಮಾಡುತ್ತಿದ್ದರಂತೆ. ಅದೇ ಅಂಗಡಿ, ಅದೇ ಮರದ ಕೌಂಟರು. ನಾನು ಅವರನ್ನು ಚಾಚಾ ಎನ್ನುತ್ತೇನೆ. ಮಾರಾಟಕ್ಕಿಂತ ಬುದ್ಧಿ ಹೇಳುವುದರಲ್ಲಿ ಅವರಿಗೆ ಹೆಚ್ಚು ಖುಷಿ. ಸಿಗರೇಟ್ ಪಾಕೀಟಿನ ಹಿಂಬದಿಯಲ್ಲಿ ಪಟ್ಟಿ ಬರೆಯುತ್ತ ಹೋದರು.

‘ನೋಡ ಬೇಟಿ, ಪ್ರೊಸೆಸರ್ ಆರು ಕೋರಿಂದು ಸಾಕು. ಅದರಾಗೇ ಸಣ್ಣ ಗ್ರಾಫಿಕ್ಸ್ ಇರೋದು ಕೊಡ್ತೇನಿ. ರ‍್ಯಾಮ್ ಹದಿನಾರು, ಆದ್ರ ಒಂದೇ ಪಟ್ಟಿ ಬ್ಯಾಡ. ಎಂಟೆಂಟರ ಎರಡು ಹಾಕೋಣ, ಎರಡೂ ಕೈಲೆ ಕೆಲಸ ಮಾಡ್ತದ. ಮದರ್‌ಬೋರ್ಡ್ ನಾಕು ಸ್ಲಾಟಿಂದು. ನಾಳಿ ರೊಕ್ಕ ಬಂದ್ರ ಇನ್ನೆರಡು ಹಚ್ಚು.’

‘ಎಸ್‌ಎಂಪಿಎಸ್ ಹಳೇದೇ ನಡೀತದಲ್ರಿ ಚಾಚಾ?’ ಎಂದೆ. ಕರೆಂಟನ್ನು ಒಳಗಿನ ಭಾಗಗಳಿಗೆ ಹಂಚುವ ಡಬ್ಬಿ ಅದು, ನೋಡಲು ಏನೂ ಇಲ್ಲ, ಅದಕ್ಕೆ ದುಡ್ಡು ಹಾಕಲು ಯಾರಿಗೂ ಮನಸ್ಸಾಗುವುದಿಲ್ಲ.

‘ತೋಬಾ ತೋಬಾ! ನಮ್ಮ ಬೀದರ ಕರೆಂಟಿಗೆ ಹಳೇ ಎಸ್‌ಎಂಪಿಎಸ್ಸಾ? ಅದು ಸುಟ್ರ ತಾ ಒಂದೇ ಹೋಗಂಗಿಲ್ಲ, ಎಲ್ಲಾರ್ನೂ ಕರ್ಕೊಂಡು ಹೋಗ್ತದ.’

ಅದಕ್ಕೂ ತಲೆಯಾಡಿಸಿದೆ. ಮಾನಿಟರಿನ ವಿಷಯಕ್ಕೆ ಅವರು ಹೇಳುವ ಮೊದಲೇ ನಾನು ಗಟ್ಟಿಯಾಗಿದ್ದೆ. ಹಳೇ ಪರದೆಯಲ್ಲಿ ನೋಡಿ ಬಣ್ಣ ತಿದ್ದಿ ಕಳಿಸಿದ ಆಲ್ಬಮ್ಮು ಹೈದರಾಬಾದಿನಲ್ಲಿ ಪ್ರಿಂಟಾಗಿ ಬಂದಾಗ ಮದುಮಗಳ ಮುಖ ಟೊಮೆಟೊ ಹಣ್ಣಾಗಿತ್ತು. ಆಕೆಯ ಅತ್ತೆ ನನ್ನನ್ನು ಫೋನಿನಲ್ಲಿ ಅರ್ಧ ತಾಸು ತೊಳೆದಿದ್ದಳು. ಬಣ್ಣ ಇದ್ದದ್ದು ಇದ್ದ ಹಾಗೆ ತೋರಿಸುವ ಪರದೆ ಬೇಕು, ಬಾಗಿದ್ದು ಗೀಗಿದ್ದು ಬೇಡ ಎಂದೆ. ಚಾಚಾ ‘ಶಾಭಾಸ್’ ಎಂದರು.

ಕೊನೆಗೆ ಉಳಿದದ್ದು ಎರಡು. ದೊಡ್ಡ ಗ್ರಾಫಿಕ್ಸ್ ಕಾರ್ಡ್, ಇಲ್ಲವೇ ದೊಡ್ಡ ಹಾರ್ಡ್ ಡಿಸ್ಕು. ಎರಡಕ್ಕೂ ದುಡ್ಡು ಸಾಲುತ್ತಿರಲಿಲ್ಲ. ಕಾರ್ಡ್ ಹಾಕಿದರೆ ವಿಡಿಯೋ ನೀರು ಹರಿದ ಹಾಗೆ ಹರಿಯುತ್ತದೆ. ಡಿಸ್ಕು ಹಾಕಿದರೆ ತಂದು ಸುರಿದದ್ದೆಲ್ಲ ವರ್ಷಗಟ್ಟಲೆ ಉಳಿಯುತ್ತದೆ. ಚಾಚಾ ಡಿಸ್ಕಿನ ಕಡೆ ಇದ್ದರು. ‘ಒಂದು ವರ್ಷ ಸಣ್ಣ ಗ್ರಾಫಿಕ್ಸ್ ಮ್ಯಾಲ ಸುಧಾರ್ಸು. ಆ ರೊಕ್ಕದಾಗ ಡಿಸ್ಕ್ ಎರಡು ತೊಗೋ. ಒಂದರಾಗ ಮಾಲು, ಇನ್ನೊಂದರಾಗ ಅದರ ನಕಲು.’

ನಮ್ಮ ಮನೆಯವರು ಗಾಂಧಿ ಗಂಜಿನಲ್ಲಿ ಕಾಳುಕಡಿಯ ಅಡತಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಕಂಪ್ಯೂಟರಿನ ಗಂಧಗಾಳಿ ಅವರಿಗಿಲ್ಲ. ಊಟಕ್ಕೆ ಕೂತಾಗ ಅವರೂ ಅದನ್ನೇ ಹೇಳಿದರು: ‘ಗೋದಾಮಿನಾಗ ಜಾಗಾ ಇಲ್ಲಂದ್ರ ಗಂಜಿನಾಗ ಯಾರೂ ಮಾಲ್ ಇಳಸ್ಕೊಳ್ಳಂಗಿಲ್ಲ. ಮೊದಲ ಇಡೋ ಜಾಗಾ ನೋಡು.’

‘ನಿಮ್ಮ ತೊಗರಿ ಚೀಲ ಬ್ಯಾರೆ, ನನ್ನ ಕೆಲಸ ಬ್ಯಾರೆ. ಸುಮ್ನ ಉಣ್ರಿ’ ಎಂದೆ. ಅವರು ಸುಮ್ಮನೆ ಉಂಡರು.

ನನ್ನ ಕಿವಿಯಲ್ಲಿ ಇದ್ದದ್ದು ಭಾಲ್ಕಿಯ ಕ್ಯಾಮೆರಾದವನ ಮಾತು. ನನ್ನ ಅರ್ಧ ಕೆಲಸ ಅವನಿಂದಲೇ ಬರುತ್ತಿತ್ತು. ‘ಅಕ್ಕಾ, ಪಾರ್ಟಿ ಹಿಂದ ಕುಂತಾಗ ವಿಡಿಯೋ ಅಟಕಿದ್ರ ಇಜ್ಜತ್ ನಿಂದೂ ಹೋಗ್ತದ, ನಂದೂ ಹೋಗ್ತದ. ಹಳೇ ಮಾಲು ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯೇನು? ಪಾಸಾತು, ಅಳಿಸು, ಮುಂದಿಂದು ತೊಗೋ.’ ನನಗೂ ಅದೇ ಬೇಕಿತ್ತು. ಹಿಂದೆ ಕೂತವರು ಬಾಯಿ ಮುಚ್ಚಿಕೊಂಡು ನೋಡಬೇಕು, ಅಷ್ಟೆ. ಕಾರ್ಡ್ ತೊಗೊಂಡೆ. ಮೇಲೆ ಬಣ್ಣದ ದೀಪ ಮಿನುಗುವ ಗಾಜಿನ ಕ್ಯಾಬಿನೆಟ್ಟೂ ತೊಗೊಂಡೆ. ಜಾಗಕ್ಕೆಂದು ಅರ್ಧ ಟಿಬಿಯ ಚುರುಕು ಎಸ್‌ಎಸ್‌ಡಿ, ಒಂದು ಟಿಬಿಯ ಸಾದಾ ಡಿಸ್ಕ್, ಇಷ್ಟೇ. ಚಾಚಾ ಪಟ್ಟಿಯ ಕೆಳಗೆ ಗೆರೆ ಎಳೆದು, ‘ನಿನ್ನ ಮರ್ಜಿ’ ಎಂದರು.

ಖರೆ ಹೇಳುತ್ತೇನೆ, ಮೊದಲ ಸೀಸನ್ನಿನಲ್ಲಿ ನನ್ನಷ್ಟು ಸುಖಿ ಯಾರೂ ಇರಲಿಲ್ಲ. ಪರದೆಯ ಮೇಲೆ ಎಲ್ಲಿ ಒತ್ತಿದರೂ ತಟ್ಟನೆ ಓಡುತ್ತಿತ್ತು. ದೀಪ ನೋಡಿ ಮಕ್ಕಳು ಬಾಯಿಬಿಟ್ಟುಕೊಂಡು ನಿಲ್ಲುತ್ತಿದ್ದವು, ದೊಡ್ಡವರು ದನಿ ತಗ್ಗಿಸಿ ಮಾತಾಡುತ್ತಿದ್ದರು. ಒಂದು ಮದುವೆಯ ಮಾಲು ನಾನೂರು ಜಿಬಿಯ ಹತ್ತಿರ ಬರುತ್ತಿತ್ತು. ಮೂರು ಮದುವೆ ತುಂಬಿದರೆ ನಾಲ್ಕನೆಯದಕ್ಕೆ ಜಾಗ ಇರುತ್ತಿರಲಿಲ್ಲ. ಹಾಗಾಗಿ ಪಾಸಾದ ದಿನವೇ ಅಳಿಸುವುದು ರೂಢಿಯಾಯಿತು. ಕ್ಯಾಮೆರಾದವನೂ ತನ್ನ ಕಾರ್ಡುಗಳನ್ನು ನನಗೆ ಸುರಿದ ತಕ್ಷಣ ಖಾಲಿ ಮಾಡಿಕೊಳ್ಳುತ್ತಿದ್ದ, ಮರುದಿನ ಇನ್ನೊಂದು ಮದುವೆ ಇರುತ್ತಿತ್ತಲ್ಲ. ಅಂದರೆ ಯಾರದೇ ಮದುವೆ ಇರಲಿ, ಪೂರ್ತಿಯಾಗಿ ಇರುತ್ತಿದ್ದದ್ದು ನನ್ನ ಹತ್ತಿರ ಹದಿನೈದು ಇಪ್ಪತ್ತು ದಿನ. ಆಮೇಲೆ ನಾನು ಉಳಿಸಿದ್ದಷ್ಟೇ ಮದುವೆ.

ಇನ್ನೊಂದು ರೂಢಿಯನ್ನೂ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಮನೆಯವರು ಅರಿಶಿಣದ ಶಾಸ್ತ್ರದ ವಿಡಿಯೋ ನೋಡುತ್ತ ಸಿಡಿದೆದ್ದರು. ಮದುಮಗಳ ಹಿಂದೆ ಗಂಡ ತೀರಿದ ಅವಳ ಸೋದರತ್ತೆ ನಿಂತಿದ್ದು ಕಾಣುತ್ತಿತ್ತು. ‘ಶುಭ ಕಾರ್ಯದಾಗ ಅಕಿ ಮಾರಿ ಯಾಕ ತೋರ್ಸಿರಿ? ತಗೀರಿ ಮೊದಲ’ ಎಂದರು. ಆ ಸೋದರತ್ತೆಯೂ ಅಲ್ಲೇ ಬಾಗಿಲ ಹತ್ತಿರ ಕೂತಿದ್ದಳು. ತೆಗೆದೆ. ಅಂಥದ್ದು ಇನ್ನೆರಡು ಸಲ ಆಯಿತು. ಆಮೇಲೆ ಯಾರೂ ಹೇಳುವುದೇ ಬೇಡವಾಯಿತು. ಬೋಳು ಹಣೆ ಕಂಡಲ್ಲಿ ನನ್ನ ಬೆರಳು ತಾನೇ ಹೋಗಿ ಕತ್ತರಿಸುತ್ತಿತ್ತು, ಇಲ್ಲವೇ ಚೌಕಟ್ಟು ಸರಿಸಿ ಆಕೆಯನ್ನು ಹೊರಗೆ ಹಾಕುತ್ತಿತ್ತು. ಪಾರ್ಟಿ ಬರುವ ಮೊದಲೇ ಜಗಳ ತಪ್ಪಿಸಿದೆ ಎಂದು ಜಾಣತನ ಅಂದುಕೊಂಡಿದ್ದೆ.

ಮಾರನೇ ವರ್ಷದ ಸೀಸನ್ನಿನಲ್ಲಿ ಭಾಲ್ಕಿಯವನು ಒಂದು ಮದುವೆ ತಂದ. ವರ ಭಾಲ್ಕಿಯವನು, ವಧು ಔರಾದ ತಾಲೂಕಿನ ಡಾಬಕಾದವಳು, ಸಾಲಿ ಟೀಚರು. ಬೌದ್ಧ ಮನೆತನದ ಮದುವೆ. ಬಿಳಿ ಸೀರೆ, ಬಿಳಿ ಅಂಗಿ, ಬುದ್ಧನ ಮೂರ್ತಿಯ ಮುಂದೆ ಮೇಣದಬತ್ತಿ, ತ್ರಿಸರಣ, ಪಂಚಶೀಲ, ಹಾರ ಬದಲಿಸಿ ಹೂವು ಹಾಕಿದರೆ ಮುಗಿಯಿತು. ಇಂಥ ಮದುವೆಗಳನ್ನು ಮೊದಲೂ ಮಾಡಿದ್ದೆ, ಎಡಿಟ್ ಬೇಗ ಆಗುತ್ತದೆ. ವಧುವಿನ ಬದಿಯಲ್ಲಿ ಒಬ್ಬ ಹೆಣ್ಣುಮಗಳು ಮತ್ತೆ ಮತ್ತೆ ಬರುತ್ತಿದ್ದಳು. ಐವತ್ತು ದಾಟಿದ ವಯಸ್ಸು, ಬೋಳು ಹಣೆ. ವರನ ಕಡೆಯ ಹೆಂಗಸರೆಲ್ಲ ಕುಂಕುಮ ಹಚ್ಚಿದ್ದರು. ಈಕೆ ವಧುವಿನ ತಾಯಿ ಎಂಬುದು ನನಗೆ ಗೊತ್ತಾಗಿತ್ತು. ತಂದೆ ಎಲ್ಲೂ ಕಾಣಲಿಲ್ಲ, ಸೋದರಮಾವನಂತೆ ಕಂಡವರೊಬ್ಬರು ಪಕ್ಕದಲ್ಲಿ ನಿಂತಿದ್ದರು. ಗಂಡ ತೀರಿದವಳು ಎಂದು ಲೆಕ್ಕ ಹಾಕಿಬಿಟ್ಟೆ. ಏಳು ಕಡೆ ಇದ್ದಳು. ಏಳೂ ಕಡೆ ತೆಗೆದೆ. ಮುಖ್ಯ ಗುಂಪು ಫೋಟೋದಲ್ಲಿ ಮಾತ್ರ ತೆಗೆಯಲು ಬರುವಂತಿರಲಿಲ್ಲ, ಬಿಟ್ಟೆ.

ಪಾಸ್ ಮಾಡಲು ಬಂದವರು ವರನ ಕಡೆಯವರು. ಅವರು ತಮ್ಮ ತಮ್ಮ ಮುಖ ನೋಡಿಕೊಂಡು ಖುಷಿಯಾದರು. ವಿಡಿಯೋ ಒಂದು ಸಲವೂ ನಿಲ್ಲಲಿಲ್ಲ. ಅವರು ಗೇಟು ದಾಟುವ ಮೊದಲೇ ಆ ಫೋಲ್ಡರ್ ಅಳಿಸಿ ಬಸವಕಲ್ಯಾಣ ಕಡೆಯ ಮದುವೆಯೊಂದನ್ನು ತುಂಬಿಕೊಂಡೆ.

ಐದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಆ ಮದುಮಗಳೇ ನಮ್ಮ ಮನೆಗೆ ಬಂದಳು. ಕ್ಯಾಮೆರಾದವನಿಂದ ವಿಳಾಸ ಕೇಳಿಕೊಂಡು ಬಂದಿದ್ದಳು. ಪರದೆಯ ಮೇಲೆ ಎಷ್ಟೋ ಸಲ ನೋಡಿದ ಮುಖ, ಎದುರಿಗೆ ಸಣ್ಣದಾಗಿ ಕಂಡಿತು. ನೀರು ಕೊಟ್ಟೆ. ಕುಡಿಯದೆ ಲೋಟ ಕೈಯಲ್ಲೇ ಹಿಡಿದು ಕೂತಳು.

‘ಅಕ್ಕಾ, ನಮ್ಮವ್ವ ತೀರ್ಕೊಂಡ್ಲು ರಿ. ಹದಿನೆಂಟು ದಿನ ಆತು. ಎದಿ ನೋವಂದ್ಲು, ಔರಾದ ಮುಟ್ಟೋದ್ರಾಗ ಹೋಗಿಬಿಟ್ಲು.’

‘ಅಯ್ಯ ತಾಯೀ’ ಎಂದೆ.

‘ಫೋಟೋದಾಗ ಅದಾಳ್ರಿ, ಸಣ್ಣಕಿ ಕಾಣಸ್ತಾಳ. ನಮ್ಮ ಮನ್ಯಾಗ ಯಾರೂ ಅಕಿ ವಿಡಿಯೋ ತಗದಿಲ್ಲ. ಫೋನ್ ಹಿಡದ್ರ ಮಾರಿ ಮುಚ್ಕೊತಿದ್ಲು. ಲಗ್ನದಾಗ ಒಂದಿನ ತಗದದ್ದು ನಾನೇ ನೋಡೇನಿ. ಪೆನ್ ಡ್ರೈವಿನಾಗ ಎಲ್ಲೂ ಇಲ್ಲ ರಿ. ನಿಮ್ಮ ಹಂತ್ಯಾಕ ಪೂರಾ ಇರ್ತದಂತ ಅಂದ್ರು.’

ಅವಳೇ ಮುಂದುವರಿಸಿದಳು. ‘ಅವ್ವನೂ ನೋಡಿದ್ಲು ರಿ ವಿಡಿಯೋ. ಪೂರಾ ಮುಗಿಯೋ ತನಕ ಕುಂತಿದ್ಲು. ಮುಗಿದ ಮ್ಯಾಲ, ನಾ ಲಗ್ನಕ್ಕ ಬಂದಿದ್ದೆನೋ ಇಲ್ಲೋ ಅಂತ ನಕ್ಕಳು. ಹೊಸ ಮನಿ, ಯಾರನ್ನ ಕೇಳ್ಬೇಕು ಅಂತ ನಾನೂ ಸುಮ್ನ ಬಿಟ್ಟೆ.’

ಬಾಯಿಗೆ ಮೊದಲು ಬಂದದ್ದು ಸುಳ್ಳು. ‘ಡಿಸ್ಕ್ ಕೆಟ್ಟದಮ್ಮಾ. ರಿಪೇರಿಗೆ ಕೊಟ್ಟೇನಿ. ಬಂದ ಮ್ಯಾಲ ನೋಡ್ತೇನಿ.’ ಅವಳ ಮುಖ ಅರಳಿತು. ‘ಇನ್ನಾ ಎಂಟು ದಿನ ಡಾಬಕಾದಾಗೇ ಇರ್ತೇನ್ರಿ. ಫೋನ್ ಮಾಡ್ತೇನಿ’ ಎಂದು ನೀರು ಕುಡಿದು ಹೊರಟಳು. ಅವಳ ಹಿಂದೆ ನನ್ನ ಕಂಪ್ಯೂಟರ್ ಮಿಣಮಿಣ ಎನ್ನುತ್ತ ಆರಾಮಾಗಿ ನಡೆದಿತ್ತು, ಅದಕ್ಕೆ ಯಾವ ರೋಗವೂ ಇರಲಿಲ್ಲ.

ಕಂಪ್ಯೂಟರಿನ ಗಾಜಿನ ಡಬ್ಬಿಯನ್ನು ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಚಾಚಾನ ಅಂಗಡಿಗೆ ಓಡಿದೆ. ಅಳಿಸಿದ್ದನ್ನು ಮರಳಿ ತೆಗೆಯುವ ಸಾಫ್ಟ್‌ವೇರ್ ಅವರ ಹತ್ತಿರ ಇತ್ತು. ಎರಡು ದಿನ ಇಟ್ಟುಕೊಂಡರು. ಸಿಕ್ಕಿದ್ದು ಬೇರೆ ಮದುವೆಗಳ ಚೂರುಪಾರು. ‘ಪಾಟಿ ಮ್ಯಾಲ ಬರದು ಒರಸಿದ್ರ ಥೋಡೆ ಗುರ್ತು ಉಳೀತದ ಬೇಟಿ. ಈ ಎಸ್‌ಎಸ್‌ಡಿಯಾಗ ಒರಸಿದ್ರ ಅದೂ ಇಲ್ಲ. ಅದರ ಮ್ಯಾಲ ನೀ ಎಷ್ಟು ಲಗ್ನಾ ಮಾಡೀದಿ!’ ಎಂದರು. ನಾನು ಹೇಳಿದ್ದೆನಲ್ಲ ಎಂಬ ಮಾತು ಅವರ ಬಾಯಿಂದ ಬರುತ್ತದೆಂದು ಕಾದೆ. ಬರಲಿಲ್ಲ. ಬಂದಿದ್ದರೆ ಜಗಳಾಡಿ ಹಗುರಾಗುತ್ತಿದ್ದೆ. ಸಿಟ್ಟಿನಲ್ಲಿ ಅವತ್ತೇ ಒಂದು ದೊಡ್ಡ ಡಿಸ್ಕು ಕೊಂಡೆ. ನಾಲ್ಕು ಟಿಬಿ, ಪೂರಾ ಖಾಲಿ.

ಭಾಲ್ಕಿಯವನಿಗೆ ಫೋನ್ ಮಾಡಿದೆ. ‘ಡಿಸ್ಕ್ ಕ್ರ್ಯಾಶ್ ಆತು ಅಂದುಬಿಡು ಅಕ್ಕಾ. ಎಲ್ಲಾರೂ ನಂಬ್ತಾರ’ ಎಂದ. ನನ್ನದೇ ಸುಳ್ಳನ್ನು ಅವನ ಬಾಯಲ್ಲಿ ಕೇಳಿ ಎಲ್ಲಿಲ್ಲದ ಸಿಟ್ಟು ಬಂತು. ಬಾಯಿಗೆ ಬಂದದ್ದು ಬೈದು ಫೋನಿಟ್ಟೆ. ಆ ಹುಡುಗಿ ಮಾತ್ರ ದಿನಾ ಮಧ್ಯಾಹ್ನ ಫೋನ್ ಮಾಡುತ್ತಿದ್ದಳು. ‘ರಿಪೇರಿ ಆತೇನ್ರಿ ಅಕ್ಕಾ?’ ಒಂದು ದಿನ, ‘ರೊಕ್ಕ ಬೇಕಾದ್ರ ಹೇಳ್ರಿ, ನಾ ಕೊಡ್ತೇನಿ’ ಎಂದಳು. ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ, ಹೇಳದೆ ಇರುವುದೂ ಆಗಲಿಲ್ಲ. ಆರನೇ ದಿನ ಬೆಳಿಗ್ಗೆ ಔರಾದದ ಬಸ್ಸು ಹತ್ತಿದೆ. ಅಲ್ಲಿಂದ ಜೀಪಿನಲ್ಲಿ ಡಾಬಕಾ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ಮೊರದಲ್ಲಿ ಉದ್ದಿನಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತ ಕೂತಿದ್ದರು. ಬೇಳೆ ಚೆಲ್ಲುತ್ತಿತ್ತು, ಆ ಕೆಲಸ ಅವರಿಗೆ ಹೊಸದು ಎಂದು ಯಾರಿಗಾದರೂ ಗೊತ್ತಾಗುವಂತಿತ್ತು. ಬೀದರಿನಿಂದ ಬಂದೆ, ಟೀಚರಮ್ಮನನ್ನು ನೋಡಬೇಕು ಎಂದೆ.

‘ಕೂಡ್ರಿ ಬಾಯಿ. ಚಾ ಮಾಡ್ಲತ್ತಾಳ, ಬರ್ತಾಳ.’

‘ನೀವು ಅವರಿಗೆ ಏನಾಗ್ಬೇಕ್ರಿ ಕಾಕಾ?’

‘ಅಪ್ಪ ರಿ’ ಎಂದರು.

ನಾನು ನಿಂತಲ್ಲೇ ನಿಂತೆ. ಬಸ್ಸಿನಲ್ಲಿ ಬರುವಾಗ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ತಪ್ಪಾಯಿತು, ಆದರೆ ಏನು ಮಾಡುವುದು, ಮಂದಿ ವಿಧವೆಯರನ್ನು ತೋರಿಸಿದರೆ ಬೈಯುತ್ತಾರೆ ಎಂದು. ಆ ಮಾತು ಈಗ ಯಾರ ಮುಂದೆ ಹೇಳುವುದು? ಮಗಳು ಚಹಾ ತಂದಳು. ನನ್ನನ್ನು ನೋಡಿ ಅವಳ ಕಣ್ಣು ನನ್ನ ಕೈಚೀಲದ ಮೇಲೆ ಹೋಯಿತು. ಪೆನ್ ಡ್ರೈವ್ ತಂದಿದ್ದೇನೆ ಅಂದುಕೊಂಡಳು.

ಕುಡಿಯುವ ಮೊದಲೇ ಹೇಳಿಬಿಟ್ಟೆ. ಡಿಸ್ಕ್ ಕೆಟ್ಟಿರಲಿಲ್ಲ, ನಾನೇ ಅಳಿಸಿದೆ, ಜಾಗ ಇರಲಿಲ್ಲ, ಜಾಗ ಇರದಿದ್ದದ್ದು ನಾನು ಆರಿಸಿದ್ದರಿಂದ. ಇಷ್ಟು ಮಾತ್ರ ಸುಲಭವಾಗಿ ಬಂತು. ‘ಪೆನ್ ಡ್ರೈವಿನಾಗ ಯಾಕ ಇಲ್ಲ ಮತ್ತ?’ ಎಂದು ಅವಳು ಕೇಳಿದಳು. ‘ಹಣಿಗೆ ಕುಂಕುಮ ಇರ್ಲಿಲ್ಲಲ್ಲಮ್ಮಾ. ನಾ ತಿಳ್ಕೊಂಡೆ…’ ಎಂದು ಅಷ್ಟಕ್ಕೇ ನಿಲ್ಲಿಸಿದೆ. ಅವಳಿಗೆ ತಿಳಿಯಿತು.

‘ನಮ್ಮ ಮನ್ಯಾಗ ಯಾರೂ ಹಚ್ಚಂಗಿಲ್ಲ ರಿ. ನಮ್ಮ ಮಂದ್ಯಾಗ ಕೆಲವ್ರು ಹಚ್ತಾರ, ನಮ್ಮವ್ವ ಹಚ್ತಿರ್ಲಿಲ್ಲ. ಬುದ್ಧ ಧಮ್ಮ ತೊಗೊಂಡಾಗ, ನಮ್ಮ ಅಜ್ಜಿ ಕಾಲದಾಗೇ ಬಿಟ್ಟಾರ.’ ‘ಒಂದು ಮಾತು ಕೇಳ್ಬೇಕಾಗಿತ್ತಲ್ರಿ ನೀವು? ಹಂಗೂ ಗಂಡ ಇಲ್ದಕಿ ಅಂತ ತಿಳೀರಿ, ಇರ್ಲಿ ರಿ. ಅವ್ವ ಅವ್ವನೇ ಅಲ್ಲೇನ್ರಿ? ಯಾಕ ಕಡೀಬೇಕು?’

ಅಷ್ಟು ವರ್ಷ ಯಾರೂ ನನ್ನನ್ನು ಅದು ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ತಲೆ ತಗ್ಗಿಸಿ ಕೂತೆ. ಅಪ್ಪ ಬೇಳೆಯನ್ನೇ ನೋಡುತ್ತಿದ್ದರು. ತಲೆ ಎತ್ತದೆಯೇ, ‘ನಾ ಇದ್ದೇನಲ್ರಿ ಇನ್ನಾ’ ಎಂದರು. ಸಿಟ್ಟಿನಿಂದ ಅಲ್ಲ, ಯಾರೋ ಹಾಜರಿ ಕರೆದಾಗ ಹೇಳುವ ಹಾಗೆ.

ನಾನು ಎದ್ದೆ. ಇನ್ನು ಅಲ್ಲಿ ಕೂರಲು ಯಾವ ಮುಖ ಇತ್ತು? ಅಪ್ಪ ಕೈಸನ್ನೆ ಮಾಡಿ ಕೂರಿಸಿದರು.

‘ಕಡೀಬೇಕಾದ್ರ ಮೊದಲ ನೋಡ್ಬೇಕಲ್ರಿ ಬಾಯಿ? ನೀವರೆ ನೋಡೀರಿ ಅಂದಂಗಾತು.’

‘ನೋಡೇನ್ರಿ ಕಾಕಾ. ಒಂದೊಂದೂ ನಾಕೈದು ಸಲ.’

‘ಏನ್ ಮಾಡ್ತಿದ್ಲು ರಿ ಅದರಾಗ? ಹೇಳ್ರಿ.’

ಮಗಳು ಸೆರಗಿನಿಂದ ಮೂಗು ಒರೆಸಿಕೊಂಡು ಹತ್ತಿರ ಬಂದು ಕೂತಳು. ನಾನು ಕಣ್ಣು ಮುಚ್ಚಿದೆ. ಎಲ್ಲಿಂದ ಎಲ್ಲಿಯವರೆಗೆ ಕತ್ತರಿಸಬೇಕೆಂದು ಹಿಂದೆ ಮುಂದೆ ಓಡಿಸಿ ನೋಡಿದ್ದೆಲ್ಲ ಒಳಗೆ ಹಾಗೇ ಇತ್ತು. ಇಲ್ಲದ್ದನ್ನು ಸೇರಿಸಿ ಅವರನ್ನು ಖುಷಿಪಡಿಸುವ ಆಸೆ ಬಂತು. ಬೇಡ, ಕಂಡದ್ದಷ್ಟೇ ಹೇಳುತ್ತೇನೆ ಎಂದು ಗಟ್ಟಿ ಮಾಡಿಕೊಂಡೆ.

ಮೊದಲನೆಯದು ಮೇಣದಬತ್ತಿ. ತಾಯಿ ಕಡ್ಡಿ ಗೀರಿದರು, ಕೂಲರಿನ ಗಾಳಿಗೆ ಆರಿತು. ಇನ್ನೊಂದು ಗೀರಿದರು, ಅದೂ ಆರಿತು. ಆಮೇಲೆ ತಿರುಗಿ ಯಾರಿಗೋ ಕೂಲರ್ ಬಂದ್ ಮಾಡಲು ಗದರಿಸಿ, ಕೈ ಅಡ್ಡ ಹಿಡಿದು ಹಚ್ಚಿದರು. ‘ನಮ್ಮ ಸಣ್ಣ ಕಾಕಾನ್ನ ಬೈದಿದ್ಲು’ ಎಂದಳು ಮಗಳು, ಅಳುತ್ತಲೇ ನಕ್ಕಳು. ಎರಡನೆಯದು, ಮಗಳ ಸೀರೆಯ ನೆರಿಗೆ. ಮೊಣಕಾಲೂರಿ ಕೂತು, ತುಟಿಯಲ್ಲಿ ಪಿನ್ನು ಕಚ್ಚಿಕೊಂಡು, ಏನೋ ಹೇಳಲು ಹೋಗಿ ಹೇಳಲಾಗದೆ ಮಗಳ ಕಾಲಿಗೆ ಮೆಲ್ಲಗೆ ಹೊಡೆದರು. ಮೂರನೆಯದು, ಹೂವು. ಎಲ್ಲರೂ ಹಾಕಿದರು. ಅವರು ಮುಷ್ಟಿ ಬಿಗಿಹಿಡಿದು ನೋಡುತ್ತಲೇ ನಿಂತಿದ್ದರು, ಹಾಕಲು ಮರೆತಿದ್ದರು. ಎಲ್ಲ ಮುಗಿದು ಜನ ಕದಲಿದ ಮೇಲೆ ಕೈ ನೋಡಿಕೊಂಡು ಒಬ್ಬರೇ ಹಾಕಿದರು. ನಾಲ್ಕನೆಯದು, ಕ್ಯಾಮೆರಾದವನಿಗೆ ಬೈದದ್ದು: ಸರಿಯೋ ಅತ್ಲಾಗ, ನನ್ನ ಮಗಳು ಕಾಣಸವಲ್ಲಳು ಎಂದು. ದನಿ ಹೇಗಿತ್ತೆಂದು ಮಗಳು ಕೇಳಿದಳು. ನನಗೆ ಬಂದಷ್ಟು ಮಾಡಿ ತೋರಿಸಿದೆ. ಐದನೆಯದು, ಮುದುಕಿಯೊಬ್ಬಳನ್ನು ಕೈಹಿಡಿದು ತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದು. ಆರನೆಯದು, ಯಾರೂ ನೋಡುತ್ತಿಲ್ಲವೆಂದು ಗೋಡೆಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿದ್ದು.

ಏಳನೆಯದು ಊಟದ ಹೊತ್ತಿನದು. ಎರಡೂ ಕೈಯಲ್ಲಿ ತಾಟು ಹಿಡಿದು ಮಂದಿಯ ನಡುವೆ ದಾರಿ ಮಾಡಿಕೊಂಡು ಅಡಿಗೆ ಮಾಡುತ್ತಿದ್ದ ಕಡೆ ಹೋದರು. ಅಲ್ಲಿ ಒಬ್ಬ ಗಂಡಸು ಹಂಡೆಯ ಮುಂದೆ ಬಗ್ಗಿದ್ದ, ಬೆನ್ನು ಮಾತ್ರ ಕಾಣುತ್ತಿತ್ತು, ಅಂಗಿ ಬೆವರಿನಿಂದ ತೊಯ್ದಿತ್ತು. ಆ ಬೆನ್ನಿಗೆ ಮೊಣಕೈಯಿಂದ ತಿವಿದು ತಾಟು ಮುಂದೆ ಹಿಡಿದರು. ಅವನು ತಿರುಗುವಷ್ಟರ ಹೊತ್ತಿಗೆ ಕ್ಯಾಮೆರಾದವನು ಬೇರೆ ಕಡೆ ಹೊರಳಿದ. ಅಷ್ಟೇ ಇದ್ದದ್ದು ಎಂದೆ.

ಅಪ್ಪ ಬೇಳೆಯ ಮೊರವನ್ನು ಪಕ್ಕಕ್ಕಿಟ್ಟರು.

‘ಆ ಬೆನ್ನು ನಂದು ರಿ’ ಎಂದರು. ‘ಅಡಿಗಿ ಕಡೆ ನಾನೇ ನಿಂತಿದ್ದೆ, ಮುಂಜಾನಿಂದ ಉಂಡಿದ್ದಿಲ್ಲ. ಅದಕ್ಕ ತಂದಿದ್ಲು.’

ಚಹಾ ಆರಿಹೋಗಿತ್ತು. ಔರಾದಕ್ಕೆ ಹೋಗುವ ಜೀಪು ಹಾರ್ನ್ ಹೊಡೆಯುತ್ತ ಮನೆಯ ಮುಂದೆ ಹಾದುಹೋಯಿತು. ಅದು ಹೋದರೆ ಮುಂದಿನದು ಎರಡು ತಾಸಿಗೆ ಎಂದು ಬರುವಾಗಲೇ ಕೇಳಿಕೊಂಡಿದ್ದೆ. ಏಳಲಿಲ್ಲ. ಅಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ಪೂರ್ತಿ ತಿರುಗಿ ಕೂತರು.

‘ಇನ್ನೊಮ್ಮಿ ಹೇಳ್ರಿ ಬಾಯಿ. ಮೊದಲಿಂದ.’

ನಾನು ಮತ್ತೆ ಮೇಣದಬತ್ತಿಯಿಂದ ಶುರು ಮಾಡಿದೆ.